ಹಗಲ ಪಾಳಿ

ಮೂವತ್ತೊಂದು ವರ್ಷ ರಾತ್ರಿ ನೀರು ಬಿಟ್ಟಾಂವ ನಾ.
ಜೋರಾಪುರ ಪೇಟಿಗೆ ಒಂದಕ್ಕ, ಶಹಾಪೇಟಿಗೆ ಎರಡೂವರಿಗೆ,
ಹೆಗಲ ಮ್ಯಾಲ ಟೀ ಚಾವಿ, ಹಿಂದ ಎರಡು ನಾಯಿ.
ಎಡಕ್ಕ ತಿರುವಿದರ ಓಣಿ ತುಂಬ ಕೊಡದ ಸಪ್ಪಳ,
ಬಲಕ್ಕ ತಿರುವಿದರ ಬೈಗಳ.
ಐವತ್ತೇಳಕ್ಕ ಸಾಹೇಬ್ರು ಹಗಲ ಪಾಳಿ ಕೊಟ್ರು.
ನಾ ಬಂದೆ.
ಕಿಡ್ನಿ ಬರಲಿಲ್ಲ.

ಐದು ಸಲ. ಒಂದೊಂದು ರಾತ್ರಿ ಆರು.
ಹಾಸಗಿ ಬೆಚ್ಚಗಾಗೂ ಮೊದಲ ಚಪ್ಪಲಿ ಹುಡುಕೂದು,
ಹಿತ್ತಲ ಬಾಗಲ ಕಿರ್ರ್ ಅನ್ನೂದು,
ಮಾಲನಬಿ ಮಗ್ಗಲ ಬದಲಸೂದು.
'ಮುನಸಿಪಾಲ್ಟಿ ಎಂಟು ದಿನಕ್ಕೊಮ್ಮಿ ಬಿಡತೈತಿ,
ನೀ ಅವರಿಗೆ ಸಾಲಾ ಕೊಡು' ಅಂದಳು ಕತ್ತಲದಾಗ.
ಇಬ್ಬರೂ ನಕ್ಕಿವಿ. ಆಮ್ಯಾಲ ನಿದ್ದಿ ಹತ್ತಲಿಲ್ಲ.

ಪಟ್ಟೇದ ಡಾಕ್ಟರಮ್ಮ ಸಕ್ಕರಿ ನೋಡಿದ್ರು, ಇಲ್ಲ.
ಪ್ರಾಸ್ಟೇಟ್ ನೋಡಿದ್ರು, ವಯಸ್ಸಿಗೆ ತಕ್ಕಷ್ಟ.
ಗೆರಿ ಹೊಡದ ಮಗ್ಗಾ ಕೊಟ್ಟು ಮೂರು ದಿನ ಅಳದು ಬರಿ ಅಂದ್ರು.
ಬರದೆ, ವಾರ್ಡಿನ ರಜಿಸ್ಟರ್ ಬರದಂಗ:
ಹನ್ನೆರಡೂ ಹತ್ತು, ಮುನ್ನೂರು ಎಮ್ಮೆಲ್.
ಎರಡಕ್ಕ, ಇನ್ನೂರಾ ಎಂಬತ್ತು.
ಕೂಡಿಸಿದರ ಇಡೀ ದಿನದ ನೀರಿನ್ಯಾಗ ಅರ್ಧಾ ರಾತ್ರೀದ.

'ಮಿದುಳಿನ ಬುಡಕ ಬಟಾಣಿಯಷ್ಟು ಒಂದು ಗ್ರಂಥಿ ಅದ.
ದಿನಾ ರಾತ್ರಿ ಕಿಡ್ನಿಗೆ ಚೀಟಿ ಕಳಸ್ತದ:
ವಾಲ್ವ್ ಬಿಗಿ ಮಾಡು, ಈ ಮನಷ್ಯಾ ಮಲಗಲಿ.
ನಿಮ್ಮದು ಚೀಟಿ ಬರಿಯೂದು ಮರತಂಗ ಕಾಣಸ್ತದ.'
ಗೊತ್ತೈತ್ರಿ, ನಮ್ಮ ಆಫೀಸಿನ್ಯಾಗೂ ಹಂಗ, ಅಂದೆ.

ಗುಳಿಗಿ ಸಣ್ಣದು. ನಾಲಿಗಿ ಬುಡಕ ಇಟ್ಟರ ಕರಗತೈತಿ.
ನೀರು ಬ್ಯಾಡ.
ಬ್ಯಾಡ ಅನ್ನೂದ ಅದರ ಕಾಯಿದೆ:
ಒಂದು ತಾಸು ಮೊದಲ ಬಾಯಿ ಕಟ್ಟಬೇಕು,
ನುಂಗಿದ ಮ್ಯಾಲ ಎಂಟು ತಾಸು.
'ಒಣಗಿದರ ತುಟಿ ತೋಯಿಸ್ರಿ.
ಹೊರಗಿನ ವಾಲ್ವ್ ಮುಚ್ಚಿ ಟಾಕಿಗೆ ನೀರು ಬಿಟ್ಟರ ಏನಾಗತದ,
ನಿಮಗ ನಾ ಹೇಳಬೇಕ?'
ರಕ್ತದಾಗಿನ ಉಪ್ಪು ತೆಳ್ಳಗಾಗತದಂತ.
ಶುರುಕ್ಕ ಸೋಡಿಯಂ ನೂರಾ ಮೂವತ್ತೆಂಟು, ವಾರಕ್ಕ ಮೂವತ್ತಾರು.
ಎರಡು ಸಲ ಎದ್ದೆ.
ಒಂದು ಸಲ ಎದ್ದೆ.

ಅಷ್ಟರಾಗ ನವಬಾಗದಾಗ ಅಳಿಯನ ತಂಗಿ ಮದವಿ.
ಖಾರಾದ ಬಿರಿಯಾನಿ, ನಾಕು ಗ್ಲಾಸ್ ಶರಬತ್ತು,
ಹನ್ನೊಂದಕ್ಕ ಮನಿಗೆ ಬಂದು ರೂಢಿ ಪ್ರಕಾರ ಗುಳಿಗಿ,
ನೀರಡಿಕಿಗೆ ಚರಗಿ. ಮತ್ತೊಂದು ಚರಗಿ.
ಮುಂಜಾನೆ ತಲಿ ತುಂಬಿದ ಹಂಡೆ. ಓಕರಿಕಿ.
ಇಬ್ರಾಹಿಂಪುರದ ಗುಂಡಿಗೆ ಚಾವಿ ಇಳಿಸಿ ನಿಂತೆ,
ಎಡಕ್ಕೋ
ಬಲಕ್ಕೋ
ಗೊತ್ತಾಗಲಿಲ್ಲ.
ಮೂವತ್ತೊಂದು ವರ್ಷದ ಕೈ
ಹೊಸಾ ಹುಡುಗನ ಮಾರಿ ನೋಡಿತು.

ಉಪ್ಪು ನೂರಾ ಇಪ್ಪತ್ತೇಳು.
ದವಾಖಾನಿ ಕಾಟಿನ ಮ್ಯಾಲ ಮೂರು ದಿನ.
ಡಾಕ್ಟರಮ್ಮ ಬೈಲಿಲ್ಲ, ಬೈದಿದ್ದರ ಚಲೋ ಇತ್ತು.
ಗುಳಿಗಿ ಬಂದ್. ಮತ್ತ ಐದು ಸಲ, ಮತ್ತ ಚಪ್ಪಲಿ.
ಆಮ್ಯಾಲ ರಕ್ತಾ ನೋಡಿ, ಅರ್ಧಕ್ಕ ಇಳಿಸಿ, ಅವರ ಶುರು ಮಾಡಿದ್ರು.
ಜ್ವರಾ ಬಂದರ, ವಾಂತಿ ಆದರ, ಹೊಟ್ಟಿ ಝಾಡಿಸಿದರ,
ಮದವಿ ಇದ್ದರ, ಆ ರಾತ್ರಿ ಗುಳಿಗಿ ಇಲ್ಲ.
ಮದವಿ ಅನ್ನೂದು ಮಾಲನಬಿ ಸೇರಿಸಿದ್ದು,
ಗ್ವಾಡಿ ಮ್ಯಾಲ, ಕ್ಯಾಲೆಂಡರ್ ಮಗ್ಗಲ.

ಬಾಜು ಮನಿ ಚನ್ನಮಲ್ಲಪ್ಪ ಕೇಳಿದ,
ಲಾಲಸಾಬ, ನನಗೂ ಎರಡು ಕೊಡೋ.
ಅವನ ಕಾಲು ಬಾವು, ಹೃದಯಕ್ಕಂತ ನೀರಿಳಸೂ ಗುಳಿಗಿ ತಿಂತಾನ.
ನಿಂದು ಬ್ಯಾರೆ ಲೈನ್, ಬ್ಯಾರೆ ಪ್ರೆಶರ್, ಅಂದೆ.
ವಾರ ಆತು, ಮಾತಿಲ್ಲ.

ನಿನ್ನೆ ಒಮ್ಮಿ ಎದ್ದೆ, ಮೂರಕ್ಕ.
ಮಾಲನಬಿ ಕಣ್ಣು ತಕ್ಕೊಂಡ ಇದ್ದಳು.
'ಮೊದಲ ನೀ ಎದ್ದಿ ಅಂತ ನಾ ಏಳತಿದ್ದೆ.
ಈಗ ನೀ ಏಳಲಿಲ್ಲಂತ ಎದ್ದು
ಮೂಗಿನ ಮುಂದ ಕೈ ಹಿಡದು ನೋಡತೀನಿ.'
ಅಂಗಳದ ನಳದಾಗ ಗಾಳಿ ಕೆಮ್ಮಿತು, ಖೊಕ್, ಖೊಕ್,
ಎಲ್ಲೋ ಹೊಸಾ ಹುಡುಗ ಎಡಕ್ಕ ತಿರುವಿದ್ದ.
ಆಕಿ ಕೊಡಾ ತರಾಕ ಹೋದಳು.
ನಾ ತುಟಿ ಅಷ್ಟ
ತೋಯಿಸಿಕೊಂಡೆ.