ಇಲ್ಲದ ಬೇವಿನ ಮರದ ಎದುರು

ಮೊದಲ ದಿನ ಚಲಪತಿಯವರು ಹೇಳಿದ್ದು:
ಮೇಲೆ ಓಡುವ ಅಕ್ಷರದಲ್ಲಿ ಸುಸ್ವಾಗತ,
ಎರಡೂ ಕಡೆ ಉರಿಯುವ ದೀಪ, ನಡುವೆ ತಿರುಗುವ ಭೂಗೋಳ,
ತಂದೆಯವರ ಫೋಟೋ, ತಮ್ಮದೊಂದು ಶಾಲು ಹೊದ್ದದ್ದು,
ಹನ್ನೊಂದು ಬಟನ್ನು. ಹತ್ತಕ್ಕೆ ನಿಲ್ಲಿಸಬಾರದು,
ಬೆಸವಿದ್ದರೆ ಒಳ್ಳೆಯದಂತೆ.

ಎಲ್ಲ ಬರೆದುಕೊಂಡೆ.
ಆಮೇಲೆ ಕೇಳಿದೆ: ಒಂದು ಸ್ಟೂಲು ಕೊಡ್ತೀರಾ?
ಎರಡು ದಿನ ಸುಮ್ಮನೆ ಇಲ್ಲಿ ಕೂತಿರುತ್ತೇನೆ.

ಚಿಂತಾಮಣಿ, ಚೇಳೂರು ರಸ್ತೆ.
ಶೆಟರಿನೊಳಗೆ ಹಸಿ ವಾರ್ನಿಷಿನ ವಾಸನೆ,
ಮೂಲೆಯಲ್ಲಿ ಬಾಚಿ ಎಸೆದ ಕೂದಲಿನಂತೆ ಸುಟ್ಟ ತಾಮ್ರ.
ಸಾವಿರದಿನ್ನೂರು ಅಡಿ ಆಳದಿಂದ ಎದ್ದುಬಂದ ಮೋಟರುಗಳು
ಆಸ್ಪತ್ರೆಯ ವರಾಂಡದಲ್ಲಿ ಮಲಗಿದಂತೆ ಸಾಲಾಗಿ,
ಒಂದೊಂದರ ಕೊರಳಿಗೂ ಒಂದು ರಟ್ಟಿನ ಚೀಟಿ.

ನಲವತ್ತಾರು ಮಂದಿ ಬಂದರು.
ಸುಸ್ವಾಗತ ಯಾರಿಗೂ ಬೇಕಾಗಿರಲಿಲ್ಲ.
"ಅಯ್ಯಿಂದಾ?" ಎಂದು ತೆಲುಗಿನಲ್ಲಿ ಇಪ್ಪತ್ತಾರು,
"ಆಯ್ತಾ?" ಎಂದು ಕನ್ನಡದಲ್ಲಿ ಹನ್ನೆರಡು,
ಎಷ್ಟಾಗುತ್ತೆ ಎಂದವರು ಏಳು,
ಒಬ್ಬರು ಬೀಡಿಗೆ ಬೆಂಕಿ ಕೇಳಿದರು.

ಅವರ ಫೋನುಗಳನ್ನೂ ನೋಡಿದೆ.
ಒಡೆದ ಗಾಜು, ಗ್ರೀಸು ಮೆತ್ತಿದ ಹೆಬ್ಬೆರಳು,
ಬಿಸಿಲಿಗೆ ಹಿಡಿದರೆ ಏನೂ ಕಾಣದ ಪರದೆ,
ಅಂಗೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ
ಹಳೇ ನಂಬರು ಹುಡುಕುವುದು.

ಫಯಾಜ್ ಕಾಯಿಲು ಸುತ್ತುತ್ತಿದ್ದ, ತುಟಿಯಲ್ಲೇ ಎಣಿಸುತ್ತ.
ಮಾತಾಡಿಸಿದರೆ ಕೈ ಎತ್ತಿ ತಡೆದ. ಐವತ್ತೆರಡು, ಐವತ್ತಮೂರು.
ನಿಲ್ಲಿಸಿದ ಮೇಲೆ ಹೇಳಿದ:
"ಸುತ್ತು ಕಮ್ಮಿಯಾದರೆ ಸುಡುತ್ತೆ ಅಕ್ಕ,
ಜಾಸ್ತಿಯಾದರೆ ಗಾಡಿಯಲ್ಲೇ ಹಿಡಿಸಲ್ಲ."
ಕಾಲೇಜಿನಲ್ಲಿ ಇದನ್ನು ನನಗೆ
ಒಂದು ಸೆಮಿಸ್ಟರ್ ಪೂರ್ತಿ ಪಾಠ ಮಾಡಿದ್ದರು.

ಭೂಗೋಳ ನಿಲ್ಲಿಸಿದೆ. ದೀಪ ಆರಿಸಿದೆ,
ಅಪಶಕುನ ಅಂದುಕೊಳ್ಳಬೇಡಿ ಸಾರ್.
ಒಂದೇ ಪುಟ. ಚೀಟಿಯ ನಂಬರು ಒತ್ತಿದರೆ
ಆಗಿದೆ, ಇಲ್ಲವೇ ನಾಳೆ ಸಂಜೆ.
ಕೆಳಗೆ ಹೆಬ್ಬೆರಳಿನಗಲದ ಹಸಿರು: ಫೋನ್ ಮಾಡಿ.

ಚಲಪತಿಯವರು ಮೇಲೆಳೆದರು, ಕೆಳಗೆಳೆದರು,
ಇನ್ನೂ ಏನೋ ಬರಬಹುದೆಂದು ಕಾದರು.
"ಹನ್ನೆರಡು ಸಾವಿರಕ್ಕೆ ಇಷ್ಟೇನಾ?
ಈ ಬಿಳಿ ಜಾಗಕ್ಕೂ ಬಾಡಿಗೆಯೇನಮ್ಮ?"

ಉತ್ತರ ಹೊಳೆಯದೆ, ಬೆಂಚಿನ ಮೇಲೆ ಕಾಯುತ್ತಿದ್ದ
ಪಿಳ್ಳಮ್ಮನ ಕೈಗೆ ಫೋನು ಕೊಟ್ಟೆ.
ನಂಬರು ಒತ್ತಿದಳು. ಆಗಿದೆ ಅಂತು. ನಕ್ಕಳು.
ನಾನು ಚಲಪತಿಯವರ ಮುಖ ನೋಡಿದೆ.
ಅಷ್ಟರಲ್ಲಿ ಅವಳ ಬೆರಳು ನಕ್ಷೆಯ ಮೇಲೆ ಹೋಗಿ ನಿಂತಿತು,
ನೀಲಿ ಗೆರೆ, ಬೂದು ಚೌಕ,
ನಾನು ತುಂಬ ಇಷ್ಟಪಟ್ಟು ಕೂರಿಸಿದ್ದ ಕೆಂಪು ಚುಕ್ಕೆ.

"ಇದು ಯಾವೂರು ತಾಯಿ?
ಬೇವಿನ ಮರ ಎಲ್ಲೈತೆ ಇದರಾಗೆ?"

ರಸ್ತೆ ಅಗಲಿಸುವಾಗ ಕಡಿದು ನಾಲ್ಕು ವರ್ಷ.
ಅವಳ ಮಗ ಇಲ್ಲಿಗೆ ಬರುವುದಕ್ಕೆ
ಬೆಳಿಗ್ಗೆ ಮೂರು ಸಲ ಸುತ್ತಿ ವಾಪಸು ಹೋಗಿದ್ದನಂತೆ.

ಎರಡು ದಿನ ಸ್ಟೂಲಿನ ಮೇಲೆ ಕೂತು
ದಾರಿ ಸಿಕ್ಕವರನ್ನಷ್ಟೇ ಎಣಿಸಿದ್ದೆ.

ಆ ಬಿಳಿ ಜಾಗದಲ್ಲಿ ಒಂದು ಸಾಲು ಸೇರಿಸಿದೆ:
ಬೇವಿನ ಮರದ ಎದುರು.
"ಮರ ಇಲ್ವಲ್ಲಮ್ಮ, ಸುಳ್ಳಾಗುತ್ತೆ" ಅಂದರು ಚಲಪತಿ.
ಹೌದು ಸಾರ್.

ಶಾಲಿನ ಫೋಟೋ ಅಂಗಡಿಯ ಗೋಡೆಗೇ ಹೋಯಿತು.
ನನಗಿನ್ನೂ ಮೂರು ಸಾವಿರ ಬಾಕಿ.
ಈಗಲೂ ಅಲ್ಲಿರುವುದು ಡಿವೈಡರು, ಒಂದು ದೀಪದ ಕಂಬ.
ಆಟೋದವರು ಮಾತ್ರ ಅದೇ ಜಾಗಕ್ಕೆ ಒರೆಸಿಕೊಂಡು
ನೆರಳಿದ್ದಂತೆ ನಿಲ್ಲಿಸುತ್ತಾರೆ.
ಇಬ್ಬರು ಇಳಿದು, ಮೋಟರನ್ನು ಗೋಣಿಯಲ್ಲಿ ತೂಗುತ್ತ,
ಆ ಕಡೆ ಈ ಕಡೆ ನೋಡಿ ರಸ್ತೆ ದಾಟುತ್ತಾರೆ.