ಹನ್ನೆರಡನೇ ಹುಟ್ಟು

ಬಾದಾಮಿ ಬೆನ್ನಿಗೆ ಬಿಟ್ಟು, ಕೆಂಪು ಕಲ್ಲಿನ ಸಂದಿ ಹಿಡಿದು
ಮೂರು ತಾಸು ನಡದ್ರ ಗಿಡಗನ ಹೊಂಡ.
ರಸ್ತೆ ಇಲ್ಲ. ಫೋನ್ ಹತ್ತಂಗಿಲ್ಲ.
ಆದ್ರೂ ಶನಿವಾರ ಬಂತಂದ್ರ ದಂಡಿ ತುಂಬ
ಹಳದಿ ಡೇರೆ, ನೀಲಿ ಡೇರೆ,
ತಿಪ್ಪಿ ಮ್ಯಾಲ ಅಣಬಿ ಎದ್ದಂಗ.

ದೋಣಿ ರಬ್ಬರಿನವು; ಗಾಳಿ ಬಿಟ್ಟು, ಮಡಚಿ,
ಕತ್ತೆ ಮ್ಯಾಲ ಹೇರಿ ತಂದದ್ದು.
ನಾ ದೋಣಿ ಎಣಸಂಗಿಲ್ಲ, ಹುಟ್ಟು ಎಣಸತೀನಿ.
ಮಲಪ್ರಭಾಕ್ಕ ಸೇತುವೆ ಬರೂತನ
ಹರಗೋಲು ಹಾಕತಿದ್ದ ನಮ್ಮಪ್ಪ ಅಂತಿದ್ದ:
ದೋಣಿ ಗಾಳೀದು, ಹುಟ್ಟು ಕೈದು,
ಕೈ ಬಂತಂದ್ರ ಮನಷ್ಯಾ ಬಂದಂಗ.

ಅವತ್ತು ಹನ್ನೆರಡು ಕೊಟ್ಟಿದ್ದೆ.
ಹೊತ್ತು ಮುಳಗಿತು, ಹನ್ನೊಂದು ಬಂದುವು.
ಡೇರೆಯೊಳಗ ಗಿಟಾರು, ಸುಟ್ಟ ಗೊಂಜಾಳದ ವಾಸನಿ,
ಯಾರಿಗೂ ಯಾರ ಲೆಕ್ಕಾನೂ ಇರಲಿಲ್ಲ.
ಮತ್ತೊಮ್ಮೆ ಎಣಿಸಿದೆ. ಕಡೇಯಿಂದ ತಿರುಗಿ ಎಣಿಸಿದೆ.
ಹನ್ನೊಂದ.

ಲಾಟೀನ ಮುಂದಿಟ್ಟುಕೊಂಡು ಹೊಂಟೆ.
ನಡುನೀರಿನಾಗ, ಗುಡ್ಡ ಚಿಕ್ಕಿ ಮುಚ್ಚೂ ಕಡೆ,
ದೋಣಿಯೊಳಗ ಅಂಗಾತ ಮಲಗಿದ್ಲು
ಇಂಡಿಯಿಂದ ಒಬ್ಬಾಕೀನ ಬಂದಿದ್ದ ಮೈಮೂನಾ ಸಿಸ್ಟರ್.
ಹುಟ್ಟು ಇರಲಿಲ್ಲ.

'ಒದರಬಾರದೇನ್ರಿ ಬಾಯಿ?' ಅಂದೆ.
'ಒದರಿದ್ರ ನೀವು ಬರತಿದ್ರಿ' ಅಂದ್ಲು.

ಆಮ್ಯಾಲ, ಬಾಳ ಹೊತ್ತಾದ ಮ್ಯಾಲ:
'ಹೆರಿಗಿ ವಾರ್ಡಿನಾಗ ಹದಿನಾರು ವರ್ಷ, ಯಮನೂರಪ್ಪ.
ದಿನಾ ಹುಟ್ಟು ಹಿಡಿಯೂದ ನನ್ನ ಕೆಲಸ.
ಹೋದ ಮಂಗಳವಾರ ಒಂದು ಜಾರಿತು.
ಇವತ್ತ ಇನ್ನೊಂದು.'
ನಕ್ಕಂಗ ಕೇಳಿಸ್ತು.
ಲಾಟೀನ ಎತ್ತಿ ಮುಖ ನೋಡಲಿಲ್ಲ ನಾನು.
ಬತ್ತಿ ಇಳಿಸಿದೆ.

ಟವೆಲ್ ಬಿಚ್ಚಿ ಎರಡೂ ದೋಣಿ ಬಿಗದೆ.
ದಂಡಿಗೆ ಎಳಕೊಂಡು ಹೋಗಾಕ ಹತ್ತು ನಿಮಿಷ ಸಾಕು.
ಹೋಗಲಿಲ್ಲ.
ಮೀನೊಂದು ಎಗರಿ ಬಿತ್ತು.
ನೀರಾಗಿನ ಚಿಕ್ಕಿ ಎಲ್ಲಾ ಕದಡಿ, ಮತ್ತ ಒಂದೊಂದ
ತಂತಮ್ಮ ಜಾಗಕ್ಕ ಬಂದು ಕುಂತುವು.
ನನಗ ಸಮಾಧಾನ ಹೇಳಾಕ ಬರಂಗಿಲ್ಲ;
ನೀರಿನ ಆಳ ಗೊತ್ತಿತ್ತು, ಅದನ್ನ ಹೇಳಿದೆ:
'ಇಲ್ಲಿ ನಾಕಾಳು. ಬ್ಯಾಸಿಗ್ಯಾಗ ಎರಡು.'
'ಹೂಂ' ಅಂದ್ಲು.

ಬೆಳಗಾಗೂದ್ರಾಗ ಗಾಳಿ ತಿರಗಿ, ಹುಟ್ಟು
ಜೊಂಡಿಗೆ ಬಂದು ಸಿಕ್ಕೊಂಡಿತ್ತು.
ಸಲವಾರ ಮೊಣಕಾಲತನ ಏರಿಸಿ ತಾನ ಇಳಿದು ತಂದ್ಲು,
ಮಾತಿಲ್ಲದ ಕೈಗೆ ಕೊಟ್ಲು, ಚಾ ಕುಡಿಯಾಕ ಹೋದ್ಲು.
ವಹಿಯೊಳಗ ಹನ್ನೆರಡು ಅಂತ ಬರದೆ.
ಬಂಡೆಗೆ ಸಾಲಾಗಿ ಆನಿಸಿಟ್ಟೆ:
ಹನ್ನೊಂದು ಒಣಗಿದ್ದುವು,
ಒಂದು ಇನ್ನೂ ತೊಟ್ಟಿಕ್ಕತಿತ್ತು.