ಹಾಜರಿ

ನನ್ನ ಟೇಬಲ್ಲಿನ ಮೇಲೆ ಮೂರೇ ವಸ್ತು:
ಸೀಮೆಸುಣ್ಣದ ಡಬ್ಬಿ, ಹಾಜರಿ ಪುಸ್ತಕ,
ಹಾರ್ಲಿಕ್ಸ್ ಬಾಟಲಿಯಲ್ಲಿ ಕಲ್ಲುಪ್ಪು.

ಉಪ್ಪು ಇಂಬಳಕ್ಕೆ.
ಕಾನು ದಾಟಿ ಬಂದ ಮಕ್ಕಳು
ಜಗಲಿಯಲ್ಲಿ ಸಾಲಾಗಿ ಕೂತು ಕಾಲು ಚಾಚುತ್ತಿದ್ದರು.
ಬೆರಳ ಸಂದಿಗಳಲ್ಲಿ ಹುಡುಕಿ ಹುಡುಕಿ
ಚಿಟಿಕೆ ಉಪ್ಪು ಒತ್ತಿ
ಒಂದೊಂದನ್ನೇ ಉದುರಿಸುತ್ತಿದ್ದೆ.
ನೀವು ಭೂಮಿಗೆ ಉಪ್ಪಾಗಿದ್ದೀರಿ ಎಂಬ ಮಾತನ್ನು
ಸಾಗರದ ಇಗರ್ಜಿಯಲ್ಲಿ ಪಾದ್ರಿಗಳು ಬಿಡಿಸಿ ಹೇಳುವಾಗ
ನನಗೆ ಕಾಣುತ್ತಿದ್ದದ್ದು ಈ ಬಾಟಲಿ.
ನಗು ತಡೆಯಲು ಸೆರಗು ಕಚ್ಚಿಕೊಳ್ಳುತ್ತಿದ್ದೆ.

ನಾನು ಟೀಚರ್ ಆಗಲು ಹೊರಟವಳಲ್ಲ.
ಹತ್ತೊಂಬತ್ತಕ್ಕೆ ಮಂಗಳೂರಿನ ಕಾನ್ವೆಂಟು ಸೇರಿದೆ,
ಬಿಳಿ ಬಟ್ಟೆಯ ಆಸೆಗೆ.
ಹನ್ನೊಂದನೇ ತಿಂಗಳು ಎದೆಯಲ್ಲಿ ಗೊರಗೊರ,
ಎಕ್ಸ್‌ರೇಯಲ್ಲಿ ಮಬ್ಬು.
'ನಿನಗೆ ಕರೆ ಇಲ್ಲ ಮಗಳೇ' ಎಂದರು ಮದರ್,
ಮೆಲ್ಲಗೆ, ಟ್ರಂಕಿನ ಬೀಗದ ಕೈ ನನ್ನ ಅಂಗೈಗೆ ಇಡುತ್ತ.

ಮನೆಮಾತು ಕೊಂಕಣಿ ನನಗೆ.
ಕನ್ನಡದಲ್ಲಿ ಕರೆ ಎಂದರೆ ಕೂಗು,
ಬಾಳೆಕಾಯಿ ಹೆಚ್ಚುವಾಗ ಬಟ್ಟೆಗೆ ಹತ್ತಿ
ಏನು ಮಾಡಿದರೂ ಹೋಗದ ಕಲೆಯೂ ಕರೆಯೇ ಎಂದು
ಆಮೇಲೆ ತಿಳಿಯಿತು, ಟಿ.ಸಿ.ಎಚ್. ಓದುವಾಗ.
ಮದರ್ ಇಲ್ಲವೆಂದದ್ದು ಯಾವುದನ್ನೋ.
ಮರಳಿ ಬಂದವಳ ಮೇಲೆ ಎರಡನೆಯದಂತೂ ಇತ್ತು,
ವಾಳೆಯ ಜನವೆಲ್ಲ ಬಂದು ನೋಡಿ ಹೋದರು.

ಶರಾವತಿ ಹಿನ್ನೀರಿನಾಚೆ ಶಾಲೆ.
ಲಾಂಚು ಇಳಿದು ಎರಡು ಮೈಲಿ ನಡಿಗೆ.
ಯಾರೂ ಒಪ್ಪದ ಊರು, ಯಾರಿಗೂ ಬೇಡದವಳು,
ಲೆಕ್ಕ ಸರಿಹೋಯಿತು ಅಂದುಕೊಂಡೆ.
ಕೂಡುವುದು ಕಲಿಸಿದೆ, ಕಳೆಯುವಾಗ
ಪಕ್ಕದ ಮನೆಯಿಂದ ಹತ್ತು ಎರವಲು ತರುವುದು ಕಲಿಸಿದೆ,
ಒತ್ತಕ್ಷರ, ಮೂಗು ಒರೆಸಿಕೊಳ್ಳುವುದು.
ದೇವರ ಹೆಸರು ಎತ್ತಲಿಲ್ಲ.
ಅವರಿಗೆ ಅವರ ಚೌಡಿ ಇದ್ದಳು, ಭೂತಪ್ಪ ಇದ್ದ,
ನನಗೆ ಕುಪ್ಪಸದೊಳಗೆ ಜಪಸರ.
ಸಂಜೆ ಹಲಗೆ ಒರೆಸುವಾಗ ಒಂದೊಂದು ದಿನ
ಪೂಜೆ ಮುಗಿದ ಪೀಠ ಒರೆಸಿದಂತೆ ಅನಿಸುವುದು.
ಅಷ್ಟೇ. ಉಳಿದ ದಿನ ಸಂಬಳದ ದಾರಿ ಕಾದೆ.

ಗಾಮ ಎಂಬ ಹುಡುಗ, ಮೂರನೇ ಕ್ಲಾಸು.
ಹಾಜರಿ ಕರೆದರೆ ಉತ್ತರವಿಲ್ಲ.
ಕೂಣಿಗೆ ಬಿದ್ದ ಮೀನಿನ ಹಾಗೆ
'ಹ' ಅವನ ಗಂಟಲಲ್ಲಿ ಒದ್ದಾಡುತ್ತಿತ್ತು.
ಉಳಿದವರು ನಗಲು ಬಾಯಿ ತೆರೆಯುವ ಮೊದಲೇ
ಮುಂದಿನ ಹೆಸರು ಕೂಗಿಬಿಡುತ್ತಿದ್ದೆ.
ಅದನ್ನು ಕರುಣೆ ಅಂದುಕೊಂಡಿದ್ದೆ.
ನನಗೆ ಅವಸರವಿತ್ತು.

ಒಂದು ಸೋಮವಾರ ಲಾಂಚು ಕೆಟ್ಟು ನಿಂತಿತು.
ನನ್ನ ಪರ್ಸಿನಲ್ಲಿ ರಾಜೀನಾಮೆ ಪತ್ರ,
ಭದ್ರಾವತಿಯಲ್ಲಿ ಟೈಪಿಸ್ಟ್ ಕೆಲಸ ಗೊತ್ತಾಗಿತ್ತು.
ಹನ್ನೊಂದಕ್ಕೆ ಶಾಲೆ ಮುಟ್ಟಿದರೆ ಗದ್ದಲವೇ ಇಲ್ಲ.
ಕಿಟಕಿಯಿಂದ ಇಣುಕಿದೆ.
ನನ್ನ ಕುರ್ಚಿಯ ಪಕ್ಕ, ಕೂರದೆ, ನಿಂತುಕೊಂಡು
ಗಾಮ ಹಾಜರಿ ಕರೆಯುತ್ತಿದ್ದ.
ಒಂದೊಂದು ಹೆಸರು ಹೊರಬರುವಷ್ಟರಲ್ಲಿ
ಗಡಿಯಾರದ ಮುಳ್ಳು ಒಂದು ಮನೆ ದಾಟುತ್ತಿತ್ತು.
ಯಾರೂ ನಗಲಿಲ್ಲ. ಕಾದರು.
ನಾನು ಎಂದೂ ಕಾಯದಷ್ಟು ಕಾದರು.
ಇಪ್ಪತ್ತಮೂರು ಹೆಸರು ಮುಗಿದವು.
ಪುಸ್ತಕದಲ್ಲಿಲ್ಲದ ಒಂದು ಹೆಸರಿಗೆ
ಅವನು ತಲೆ ಎತ್ತಿದ:
'ಅ…
ಅ…
ಅ…
ಅಪೊಲಿನಾ ಟೀಚರ್.'

ಬಾಲಕ ಸಮುವೇಲನೂ ಮೂರು ಸಲ
ಬೇರೆ ಯಾರದೋ ಬಳಿಗೆ ಓಡಿದ್ದನಲ್ಲ.

ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದೆ,
ಹೇಳಲು ಹೊರಟೆ.
'ಹ' ಗಂಟಲಲ್ಲೇ ಸಿಕ್ಕಿಕೊಂಡಿತು.
ನನಗೂ ಕಾದರು ಅವರು.

ಆಮೇಲೆ ಗಾಮ ನನ್ನ ಹಿಮ್ಮಡಿ ನೋಡಿದ:
ಇಂಬಳವೊಂದು ಕುಡಿದು ಕುಡಿದು ದ್ರಾಕ್ಷಿಯಷ್ಟಾಗಿತ್ತು.
ಏನೂ ಹೇಳದೆ
ಉಪ್ಪಿನ ಬಾಟಲಿ ತಂದು
ನೆಲಕ್ಕೆ ಕೂತ.